ಲಂಡನ್ ಫ್ಲ್ಯಾಟಿನ ಲೀಸ್ 80 ವರ್ಷಕ್ಕಿಂತ ಕೆಳಗೆ ಇಳಿಯೋ ಮುಂಚೆ

2012ರಲ್ಲಿ ಹ್ಯಾರೋದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡಾಗ ಊರಿಗೆ ಫೋನ್ ಮಾಡಿ ಅಪ್ಪಯ್ಯನಿಗೆ ಹೇಳಿದೆ, ಮನೆ ಆಯ್ತು, ಇನ್ನೂ 87 ವರ್ಷ ಲೀಸ್ ಇದೆ ಅಂತ. ತೀರ್ಥಹಳ್ಳಿ ಕಡೆ ತೋಟ ಮಾಡ್ಕೊಂಡಿರೋರು ಅವರು, ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಅಲ್ಲ ಮಾರಾಯ, ಲೀಸಿಗೆ ಹಾಕ್ಕೊಂಡಿದ್ದಾ, ಕ್ರಯಕ್ಕೆ ತಗೊಂಡಿದ್ದಾ? ಸರಿಯಾಗಿ ಹೇಳು" ಅಂದ್ರು. ತಗೊಂಡಿದ್ದು ಅಪ್ಪಯ್ಯ, ಆದ್ರೆ ಲೀಸು ಅಂದೆ. "ಹಂಗಾದ್ರೆ ನಿನ್ನ ಚಿಕ್ಕಪ್ಪನ ಬಿಡಿಎ ಸೈಟ್ ಥರಾನಾ, ಲೀಸ್ ಕಮ್ ಸೇಲ್, ಹತ್ತು ವರ್ಷ ಆದ್ಮೇಲೆ ಸೇಲ್ ಡೀಡ್ ಮಾಡ್ಕೊಡ್ತಾರಾ?" ಅಂತ ಕೇಳಿದ್ರು. ಇಲ್ಲ, ಅದೂ ಅಲ್ಲ. ಆವತ್ತು ನನಗೇ ಸರಿಯಾಗಿ ವಿವರಿಸೋಕೆ ಬರ್ಲಿಲ್ಲ, ಯಾಕಂದ್ರೆ ನನಗೇ ಅರ್ಥ ಆಗಿರ್ಲಿಲ್ಲ. ಇಂಗ್ಲೆಂಡಲ್ಲಿ ಫ್ಲ್ಯಾಟ್ ತಗೊಂಡಿರೋ ಎಷ್ಟೋ ನಮ್ಮವರ ಕತೆ ಇದೇ, ಅದಕ್ಕೇ ಇದನ್ನ ಉದ್ದಕ್ಕೆ ಬರೀತಿದೀನಿ.

ಬೆಂಗಳೂರಲ್ಲಿ ಲೀಸ್ ಅಂದ್ರೆ ಒಟ್ಟಿಗೆ ಒಂದಷ್ಟು ಲಕ್ಷ ಓನರ್ ಕೈಗೆ ಕೊಟ್ಟು ಎರಡ್ಮೂರು ವರ್ಷ ಬಾಡಿಗೆ ಇಲ್ದೆ ಇದ್ದು, ಬಿಡುವಾಗ ದುಡ್ಡು ವಾಪಸ್ ತಗೊಂಡು ಹೋಗೋದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ಬೇರೆಯೇ ವಿಷಯ. ಇಲ್ಲಿ ಫ್ಲ್ಯಾಟ್ ಕೊಳ್ಳೋದು ಅಂದ್ರೆ ಹೆಚ್ಚುಕಮ್ಮಿ ಯಾವಾಗ್ಲೂ ಒಂದು ಉದ್ದದ ಲೀಸನ್ನ ಕೊಳ್ಳೋದು, 99 ವರ್ಷ, 125 ವರ್ಷ, ಕೆಲವು ಕಡೆ 999 ವರ್ಷ. ಅಷ್ಟು ವರ್ಷ ಆ ಫ್ಲ್ಯಾಟ್ ನಿಮ್ದು, ಮಾರಬಹುದು, ಮಕ್ಕಳಿಗೆ ಬರೆದಿಡಬಹುದು, ಅದರ ಮೇಲೆ ಬ್ಯಾಂಕ್ ಸಾಲ ಕೊಡುತ್ತೆ. ಆದ್ರೆ ಕಟ್ಟಡ, ಅದರ ಕೆಳಗಿನ ನೆಲ ಫ್ರೀಹೋಲ್ಡರ್ ಅನ್ನೋನದ್ದು, ಲೀಸ್ ಮುಗಿದ ದಿನ ಕಾಗದದ ಪ್ರಕಾರ ಫ್ಲ್ಯಾಟ್ ಕೂಡ ಅವನಿಗೇ ವಾಪಸ್. ಸ್ಕಾಟ್ಲೆಂಡಲ್ಲಿ ಈ ತಲೆನೋವಿಲ್ಲ, ಅಲ್ಲಿ ಫ್ಲ್ಯಾಟನ್ನ ಪೂರ್ತಿಯಾಗಿ ಕೊಳ್ಳಬಹುದು, ಹಾಗಾಗಿ ಎಡಿನ್‌ಬರೋದಲ್ಲೋ ಗ್ಲಾಸ್ಗೋದಲ್ಲೋ ಇರೋರು ಇದನ್ನ ಓದದಿದ್ರೂ ನಡೆಯುತ್ತೆ.

ಯಾಕೆ ಹೀಗೆ ಅಂದ್ರೆ, ಹಳೇ ಕಾಲದಿಂದ ಲಂಡನ್ನಿನ ದೊಡ್ಡ ದೊಡ್ಡ ಜಮೀನ್ದಾರಿ ಮನೆತನಗಳು ನೆಲ ಮಾರದೆ ಲೀಸಿಗೆ ಕೊಟ್ಟು ಬಂದಿದ್ದು ಒಂದು ಕಾರಣ, ಗ್ರಾಸ್‌ವೆನರ್ ಮನೆತನದ ಮೇಫೇರ್ ಅದಕ್ಕೆ ಹೆಸರುವಾಸಿ ಉದಾಹರಣೆ. ಇನ್ನೊಂದು ಕಾರಣ ಕಾನೂನಿನ ಒಳಗೇ ಇದೆ. ಇಲ್ಲಿನ ಕಾನೂನಲ್ಲಿ ಒಬ್ಬ ಫ್ರೀಹೋಲ್ಡ್ ಓನರ್ "ನಾನು ಸೂರು ರಿಪೇರಿ ಮಾಡಿಸ್ತೀನಿ, ದುಡ್ಡು ಕೊಡ್ತೀನಿ" ಅಂತ ಬರೆದುಕೊಟ್ಟ ಮಾತು ಅವನಿಂದ ಕೊಂಡವನನ್ನ ತಾನಾಗೇ ಕಟ್ಟಿಹಾಕಲ್ಲ. ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಮೇಲಿನವನು ಸೂರು ನೋಡ್ಕೊಳ್ಳದಿದ್ರೆ ಕೆಳಗಿನ ಮೂರೂ ಮನೆ ಸೋರುತ್ತಲ್ವಾ, ಲೀಸ್ ಇದ್ರೆ ಆ ಷರತ್ತು ಮನೆ ಕೈ ಬದಲಾದ್ರೂ ಜೊತೆಗೇ ಹೋಗುತ್ತೆ. ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆಗೆ ಕಟ್ಟೋ ದುಡ್ಡು) ವಸೂಲಿ ಎಲ್ಲ ನಿಂತಿರೋದು ಇದರ ಮೇಲೇ. ಇದಕ್ಕೆ ಪರ್ಯಾಯವಾಗಿ 2002ರಲ್ಲೇ ಕಾಮನ್‌ಹೋಲ್ಡ್ ಅನ್ನೋ ಪದ್ಧತಿಗೆ (ಪ್ರತಿ ಫ್ಲ್ಯಾಟೂ ಅವರವರ ಸ್ವಂತದ್ದು, ಕಟ್ಟಡ ಎಲ್ಲರದ್ದೂ ಒಟ್ಟಿಗೆ) ಕಾನೂನು ಮಾಡಿದ್ರು, ಆದ್ರೆ ಬಿಲ್ಡರ್‌ಗಳು ಅದನ್ನ ಬಳಸಿದ್ದು ತೀರಾ ಕಮ್ಮಿ.

ಈಗ ನನ್ನ ವಿಷಯಕ್ಕೆ ಬರ್ತೀನಿ. ನಮ್ಮ ಲೀಸ್ 25 ಮಾರ್ಚ್ 2000ದಿಂದ 99 ವರ್ಷ. (ಹಳೇ ಲೀಸುಗಳಲ್ಲಿ 25 ಮಾರ್ಚ್, 24 ಜೂನ್, 29 ಸೆಪ್ಟೆಂಬರ್, 25 ಡಿಸೆಂಬರ್ ಈ ನಾಲ್ಕು ತಾರೀಖು ಪದೇ ಪದೇ ಕಾಣುತ್ತೆ, ಹಿಂದಿನಿಂದ ಬಾಡಿಗೆ ಕಟ್ಟೋ ಕ್ವಾರ್ಟರ್ ದಿನಗಳು ಅವು.) ಕೊಂಡಾಗ ಎಸ್ಟೇಟ್ ಏಜೆಂಟ್ "ಲಾಂಗ್ ಲೀಸ್, ಏನೂ ಯೋಚನೆ ಇಲ್ಲ" ಅಂದಿದ್ದ, ನಾವೂ 87 ವರ್ಷ ಅಂದ್ರೆ ನಮ್ಮ ಆಯುಸ್ಸಿಗಿಂತ ಜಾಸ್ತಿ ಆಯ್ತಲ್ಲ ಅಂತ ಸುಮ್ನಾದ್ವಿ. 2018ರ ನವೆಂಬರಲ್ಲಿ ರೀಮಾರ್ಟ್‌ಗೇಜ್‌ಗೆ (ಮನೆ ಸಾಲವನ್ನ ಹೊಸದಾಗಿ ಮಾಡಿಸ್ಕೊಳ್ಳೋದಕ್ಕೆ) ಅರ್ಜಿ ಹಾಕ್ತಾ ಇದ್ದಾಗ ಬ್ರೋಕರ್ ಫೋನ್ ಮಾಡಿ "ನಿಮ್ಮ ಲೀಸಲ್ಲಿ 80 ವರ್ಷ 4 ತಿಂಗಳು ಉಳಿದಿದೆ, ಗೊತ್ತಲ್ವಾ?" ಅಂದ. ಗೊತ್ತಿತ್ತು, ಆದ್ರೆ ಆ ನಾಲ್ಕು ತಿಂಗಳಿಗೆ ಏನು ಬೆಲೆ ಅಂತ ಗೊತ್ತಿರ್ಲಿಲ್ಲ.

ಅದು ಅರ್ಥ ಆಗ್ಬೇಕು ಅಂದ್ರೆ ಲೀಸ್ ಎಕ್ಸ್‌ಟೆಂಡ್ ಮಾಡಿಸೋಕೆ ಫ್ರೀಹೋಲ್ಡರ್‌ಗೆ ಕೊಡೋ ದುಡ್ಡನ್ನ ಹೇಗೆ ಲೆಕ್ಕ ಹಾಕ್ತಾರೆ ಅಂತ ತಿಳ್ಕೊಬೇಕು. ಅದಕ್ಕೆ ಪ್ರೀಮಿಯಂ ಅಂತಾರೆ. 1993ರ ಕಾನೂನಿನ ಪ್ರಕಾರ ಫ್ಲ್ಯಾಟಿನ ಲೀಸ್‌ಹೋಲ್ಡರ್‌ಗೆ ಉಳಿದಿರೋ ವರ್ಷಗಳ ಮೇಲೆ ಇನ್ನೂ 90 ವರ್ಷ ಸೇರಿಸ್ಕೊಳ್ಳೋ ಹಕ್ಕಿದೆ, ಜೊತೆಗೆ ಗ್ರೌಂಡ್ ರೆಂಟ್ (ವರ್ಷವರ್ಷ ಫ್ರೀಹೋಲ್ಡರ್‌ಗೆ ಕಟ್ಟೋ ನೆಲಬಾಡಿಗೆ) ಸೊನ್ನೆ ಆಗುತ್ತೆ, ಕಾಗದದಲ್ಲಿ ಅದನ್ನ ಪೆಪ್ಪರ್‌ಕಾರ್ನ್ ಅಂತ ಬರೀತಾರೆ, ಅಂದ್ರೆ ವರ್ಷಕ್ಕೆ ಒಂದೇ ಒಂದು ಕಾಳುಮೆಣಸು. ಇದರಿಂದ ಫ್ರೀಹೋಲ್ಡರ್ ಎರಡು ಕಳ್ಕೊಳ್ತಾನೆ. ಒಂದು, ಲೀಸ್ ಮುಗಿಯೋವರೆಗೆ ಬರ್ತಿದ್ದ ಗ್ರೌಂಡ್ ರೆಂಟ್. ಇನ್ನೊಂದು, ಲೀಸ್ ಮುಗಿದಾಗ ಫ್ಲ್ಯಾಟ್ ಕೈಗೆ ಬರೋದು 90 ವರ್ಷ ಮುಂದಕ್ಕೆ ಹೋಗೋದು. ಈ ಎರಡು ನಷ್ಟ ತುಂಬಿಕೊಡೋದೇ ಪ್ರೀಮಿಯಂನ ಮೂಲ.

ಉದಾಹರಣೆಗೆ 3 ಲಕ್ಷ ಪೌಂಡ್ ಬೆಲೆಯ ಒಂದು ಫ್ಲ್ಯಾಟ್ ಇಟ್ಕೊಳ್ಳಿ, ಗ್ರೌಂಡ್ ರೆಂಟ್ ವರ್ಷಕ್ಕೆ 150 ಪೌಂಡ್, ಲೀಸಲ್ಲಿ 81 ವರ್ಷ ಉಳಿದಿದೆ. 81 ವರ್ಷ ಆದ್ಮೇಲೆ 3 ಲಕ್ಷ ಕೈಗೆ ಬರ್ಬೇಕು ಅಂದ್ರೆ ಇವತ್ತು 5% ಚಕ್ರಬಡ್ಡಿಗೆ ಎಷ್ಟು ಎಫ್‌ಡಿ ಇಡ್ಬೇಕು ಅಂತ ಹಿಂದಕ್ಕೆ ಲೆಕ್ಕ ಹಾಕಿ ನೋಡಿ, ಸುಮಾರು 5,760 ಪೌಂಡ್ ಬರುತ್ತೆ. ಆ 5% ಅನ್ನೋ ದರ ನಾನು ಹಾಕಿದ್ದಲ್ಲ, 2006ರ ಸ್ಪೋರ್ಟೆಲಿ ಕೇಸಿನಿಂದ ಫ್ಲ್ಯಾಟುಗಳಿಗೆ ಸಾಮಾನ್ಯವಾಗಿ ಅದನ್ನೇ ಹಾಕ್ತಾ ಬಂದಿದ್ದಾರೆ. ಗ್ರೌಂಡ್ ರೆಂಟ್ ಕಡೆಯಿಂದ, 6% ದರ ಇಟ್ಕೊಂಡ್ರೆ, ಇನ್ನೊಂದು 2,480. ಒಟ್ಟು 8,200 ಪೌಂಡ್ ಹತ್ತಿರ.

ಅದೇ ಫ್ಲ್ಯಾಟಲ್ಲಿ 79 ವರ್ಷ ಉಳಿದಿದ್ರೆ? ಇದೇ ಲೆಕ್ಕ ಬರೀ 8,830ರ ಹತ್ತಿರಕ್ಕೆ ಏರುತ್ತೆ, ಅದೇನು ದೊಡ್ಡ ವ್ಯತ್ಯಾಸ ಅಲ್ಲ. ಆದ್ರೆ ಉಳಿದಿರೋ ಅವಧಿ 80 ವರ್ಷಕ್ಕಿಂತ ಜಾಸ್ತಿ ಇಲ್ಲ ಅಂದ್ರೆ ಮೂರನೇದೊಂದು ಬಂದು ಸೇರ್ಕೊಳ್ಳುತ್ತೆ, ಅದರ ಹೆಸರು ಮ್ಯಾರೇಜ್ ವ್ಯಾಲ್ಯೂ. ಕಮ್ಮಿ ವರ್ಷದ ಲೀಸ್ ಇರೋ ಫ್ಲ್ಯಾಟಿಗೆ ಮಾರ್ಕೆಟ್ಟಲ್ಲಿ ಬೆಲೆ ಕಮ್ಮಿ, ಎಕ್ಸ್‌ಟೆಂಡ್ ಆದ ಕೂಡ್ಲೇ ಬೆಲೆ ಏರುತ್ತೆ, ನಿಮ್ಮ ಹಕ್ಕು ಮತ್ತು ಅವನ ಹಕ್ಕು ಒಂದಾಗಿದ್ದಕ್ಕೆ ಹುಟ್ಟಿದ ಆ ಹೆಚ್ಚುವರಿ ಬೆಲೆಯಲ್ಲಿ ಅರ್ಧ ಫ್ರೀಹೋಲ್ಡರ್‌ಗೆ ಹೋಗ್ಬೇಕು ಅಂತ ಕಾನೂನು. ನಮ್ಮ ಉದಾಹರಣೇಲಿ 79 ವರ್ಷದ ಲೀಸ್ ಇರೋವಾಗ ಫ್ಲ್ಯಾಟಿನ ಬೆಲೆ ಪೂರ್ತಿ ಬೆಲೆಯ 92% ಅಂತ ಇಟ್ಕೊಂಡ್ರೆ, ಅಂದ್ರೆ 2,76,000, ಮ್ಯಾರೇಜ್ ವ್ಯಾಲ್ಯೂವಿನ ಅರ್ಧ ಸುಮಾರು 7,600 ಬರುತ್ತೆ, ಒಟ್ಟು ಪ್ರೀಮಿಯಂ 16,400 ಹತ್ತಿರ ಹೋಗುತ್ತೆ. ಎರಡೇ ವರ್ಷದಲ್ಲಿ ಡಬಲ್! 60 ವರ್ಷಕ್ಕೆ ಇಳಿದಿದ್ರೆ, ಆಗಿನ ಬೆಲೆ 80% ಅಂತ ಹಿಡಿದ್ರೂ, 39,000 ದಾಟುತ್ತೆ. ಈ ಶೇಕಡಾವಾರು ಎಷ್ಟು ಅನ್ನೋದರ ಮೇಲೇ ಎರಡೂ ಕಡೆಯ, ಮನೆಗೆ ಬೆಲೆ ಕಟ್ಟೋ ಸರ್ವೇಯರ್‌ಗಳು ಜಗಳ ಆಡೋದು, ನನ್ನ 92, 80 ಬರೀ ಉದಾಹರಣೆಗೆ. ಆದ್ರೆ ಏರಿಕೆ ಯಾವ ಥರ ಅನ್ನೋದು ಅರ್ಥ ಆಯ್ತಲ್ಲ.

ಇಲ್ಲಿ ತಲೇಲಿ ಕೂರಿಸ್ಕೊಬೇಕಾದ್ದು ಒಂದಿದೆ. ಲೆಕ್ಕಕ್ಕೆ ಬರೋ ತಾರೀಖು, ಲೀಸ್ ಎಕ್ಸ್‌ಟೆಂಡ್ ಮಾಡ್ಕೊಡಿ ಅಂತ ನೀವು ಫ್ರೀಹೋಲ್ಡರ್‌ಗೆ ನೋಟಿಸ್ ಕೊಟ್ಟ ದಿನ. ದುಡ್ಡು ಕಟ್ಟಿದ ದಿನ ಅಲ್ಲ, ಒಪ್ಪಂದ ಆದ ದಿನವೂ ಅಲ್ಲ. 80 ವರ್ಷ 2 ದಿನ ಉಳಿದಿರುವಾಗ ಆ ನೋಟಿಸ್ (1993ರ ಕಾನೂನಿನ ಸೆಕ್ಷನ್ 42ರದ್ದು) ಫ್ರೀಹೋಲ್ಡರ್‌ಗೆ ಸೇರಿದ್ರೆ, ಆಮೇಲೆ ಮಾತುಕತೆ ಒಂದು ವರ್ಷ ಎಳೆದ್ರೂ ಮ್ಯಾರೇಜ್ ವ್ಯಾಲ್ಯೂ ಬರಲ್ಲ.

ಇದು ಗೊತ್ತಾಗೋ ಮುಂಚೆ ನಾನು ಮಾಡಿದ ಕೆಲಸ ಏನಂದ್ರೆ, ನೇರವಾಗಿ ಫ್ರೀಹೋಲ್ಡರ್ ಕಂಪನಿಗೆ ಇಮೇಲ್ ಹಾಕಿ ಎಷ್ಟಾಗುತ್ತೆ ಅಂತ ಕೇಳಿದೆ. ಮೂರು ವಾರ ಬಿಟ್ಟು ಉತ್ತರ ಬಂತು, 17,500 ಪೌಂಡ್ ಕೊಡಿ, ಲೀಸ್ ಮತ್ತೆ 125 ವರ್ಷ ಮಾಡ್ಕೊಡ್ತೀವಿ, ಗ್ರೌಂಡ್ ರೆಂಟ್ 300 ಪೌಂಡ್, 25 ವರ್ಷಕ್ಕೊಮ್ಮೆ ಡಬಲ್. ಕಾಗದ ಚೆನ್ನಾಗಿ ಕಾಣ್ತಿತ್ತು, ಕೆಳಗೆ ಸೈನ್ ಹಾಕೋ ಜಾಗವೂ ಇತ್ತು, 28 ದಿನದೊಳಗೆ ಒಪ್ಕೊಳ್ಳಿ ಅಂತ ಬೇರೆ. ನನ್ನ ಹೆಂಡತಿ ಡೈನಿಂಗ್ ಟೇಬಲ್ ಮೇಲೆ ಅದನ್ನ ಹರಡ್ಕೊಂಡು ಪೆನ್ಸಿಲಲ್ಲಿ ಪಕ್ಕಕ್ಕೆ 300, 600, 1,200, 2,400, 4,800 ಅಂತ ಬರ್ಕೊಂಡು ಹೋದ್ಲು. ನೂರು ವರ್ಷಕ್ಕೆ ಬರೀ ನೆಲಬಾಡಿಗೆ ವರ್ಷಕ್ಕೆ 4,800. "ಇದನ್ನ ಯಾರ್ರೀ ಕೊಂಡ್ಕೊಳ್ತಾರೆ ನಮ್ಮ ಹತ್ರ?" ಅಂದ್ಲು. ಆ ಪೆನ್ಸಿಲ್ ಲೆಕ್ಕವೇ ನಮ್ಮನ್ನ ಉಳಿಸಿದ್ದು.

ಇದನ್ನ ಇನ್‌ಫಾರ್ಮಲ್ ದಾರಿ ಅಂತಾರೆ. ಕಾನೂನುಬಾಹಿರ ಏನಲ್ಲ, ಕೆಲವು ಸಲ ಬೇಗ ಆಗುತ್ತೆ, ಖರ್ಚು ಕಮ್ಮಿ, ಒಳ್ಳೇ ಫ್ರೀಹೋಲ್ಡರ್‌ಗಳೂ ಇದ್ದಾರೆ. ಆದ್ರೆ ಅದರಲ್ಲಿ ಯಾವ ಗಡುವೂ ಅವರನ್ನ ಕಟ್ಟಿಹಾಕಲ್ಲ, ಯಾವಾಗ ಬೇಕಾದ್ರೂ ಮಾತು ಬದಲಿಸಬಹುದು, ಮಾತುಕತೆ ನಡೀತಾ ಇರುವಾಗ ನಿಮ್ಮ ಲೀಸ್ ಮಾತ್ರ ದಿನದಿನಕ್ಕೂ ಸವೀತಾ ಇರುತ್ತೆ. 2022ರ ಜೂನ್ 30ರಿಂದ ಜಾರಿಗೆ ಬಂದ ಕಾನೂನಿನಿಂದ ಹೊಸ ಲೀಸುಗಳಲ್ಲಿ ಹೀಗೆ ಏರೋ ಗ್ರೌಂಡ್ ರೆಂಟ್ ತುರುಕೋಕೆ ಆಗಲ್ಲ, ಇನ್‌ಫಾರ್ಮಲ್ ಎಕ್ಸ್‌ಟೆನ್ಶನ್ನಲ್ಲೂ ಸೇರಿಸಿದ ವರ್ಷಗಳಿಗೆ ಸೊನ್ನೆ ಇರ್ಬೇಕು, ಆದ್ರೆ ಹಳೇ ಅವಧಿ ಎಷ್ಟು ಉಳಿದಿದ್ಯೋ ಅಷ್ಟಕ್ಕೆ ಹಳೇ ಗ್ರೌಂಡ್ ರೆಂಟ್ ಮುಂದುವರಿಸಬಹುದು. ಹಾಗಾಗಿ "ಪ್ರೀಮಿಯಂ ಕಮ್ಮಿ ಮಾಡ್ತೀವಿ" ಅಂತ ಬಂದ್ರೆ ಗ್ರೌಂಡ್ ರೆಂಟ್ ಎಲ್ಲಿ ಕೂತಿದೆ ಅಂತ ಮೊದಲು ನೋಡಿ.

ನಾವು ಕಾನೂನಿನ ದಾರಿ ಹಿಡಿದ್ವಿ. ಅದು ನಡೆಯೋದು ಹೀಗೆ. ಮೊದಲು ಈ ಕೆಲಸವನ್ನೇ ಮಾಡೋ ಸಾಲಿಸಿಟರ್ (ವಕೀಲರು), ಮತ್ತೆ ಒಬ್ಬ ಸರ್ವೇಯರ್ ಬೇಕು, ಮನೆ ಕೊಂಡಾಗ ಕಾಗದ ಪತ್ರ ನೋಡಿದ ಸಾಲಿಸಿಟರೇ ಇದಕ್ಕೂ ಆಗ್ತಾರೆ ಅಂದ್ಕೋಬೇಡಿ, ಇದರಲ್ಲಿ ಗಡುವುಗಳ ಆಟ ಜಾಸ್ತಿ. ಸರ್ವೇಯರ್ ಬಂದು ಫ್ಲ್ಯಾಟ್ ನೋಡಿ ಒಂದು ಅಂದಾಜು ಕೊಟ್ರು, ಅದರ ಮೇಲೆ ನೋಟಿಸಲ್ಲಿ ನಾವು 7,800 ಪೌಂಡ್ ಅಂತ ಬರೆದ್ವಿ. ತೀರಾ ನಂಬೋಕಾಗದ ಮೊತ್ತ ಹಾಕಿದ್ರೆ ನೋಟಿಸ್ಸೇ ಅಸಿಂಧು ಅನ್ನಿಸ್ಕೊಳ್ಳೋ ಅಪಾಯ ಇದೆ, ಅದಕ್ಕೆ ಕಮ್ಮಿ ಹಾಕಿ, ಆದ್ರೆ ಲೆಕ್ಕ ತೋರಿಸೋಕಾಗೋ ಥರ ಹಾಕಿ. 2019ರ ಜನವರಿಯಲ್ಲಿ ನೋಟಿಸ್ ಹೋಯ್ತು, 80 ವರ್ಷಕ್ಕೆ ಎರಡು ತಿಂಗಳು ಮೇಲಿತ್ತು ಅಷ್ಟೇ. ಆ ದಿನ ಸಾಲಿಸಿಟರ್ ಆಫೀಸಿಂದ "ಡೆಲಿವರ್ ಆಗಿದೆ, ಸೈನ್ ಮಾಡಿ ತಗೊಂಡಿದ್ದಾರೆ" ಅಂತ ಮೆಸೇಜ್ ಬರೋವರೆಗೂ ನಾನು ಆಫೀಸಲ್ಲಿ ಒಂದು ಕೆಲಸವನ್ನೂ ಮಾಡೋಕಾಗ್ಲಿಲ್ಲ.

ನೋಟಿಸ್ ಕೊಟ್ಮೇಲೆ ಅದನ್ನ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಮೂದು ಮಾಡಿಸ್ಬೇಕು, ಮಧ್ಯದಲ್ಲಿ ಫ್ರೀಹೋಲ್ಡ್ ಬೇರೆಯವರಿಗೆ ಮಾರಿಹೋದ್ರೂ ನಿಮ್ಮ ಹಕ್ಕು ಉಳಿಯುತ್ತೆ. ಫ್ರೀಹೋಲ್ಡರ್ ಡೆಪಾಸಿಟ್ ಕೇಳಬಹುದು, ನೋಟಿಸಲ್ಲಿ ಹಾಕಿದ ಮೊತ್ತದ 10% ಅಥವಾ 250 ಪೌಂಡ್, ಯಾವುದು ಜಾಸ್ತಿಯೋ ಅದು. ಕೌಂಟರ್ ನೋಟಿಸ್, ಅಂದ್ರೆ ಅವರ ಉತ್ತರ, ಕೊಡೋಕೆ ಅವರಿಗೆ ಕಮ್ಮಿ ಅಂದ್ರೂ ಎರಡು ತಿಂಗಳು ಟೈಮ್ ಕೊಡ್ಬೇಕು, ನಮಗೆ ಕೊನೇ ವಾರದಲ್ಲಿ ಬಂತು, 14,000 ಅಂತ. ಒಂದು ವೇಳೆ ಅವರು ಕೊಡೋದನ್ನೇ ಮರೆತ್ರೆ ನೀವು ಆರು ತಿಂಗಳೊಳಗೆ ಕೌಂಟಿ ಕೋರ್ಟಿಗೆ ಹೋಗಿ ನಿಮ್ಮ ನೋಟಿಸಿನ ಷರತ್ತಲ್ಲೇ ಲೀಸ್ ಕೇಳಬಹುದು. ಕೌಂಟರ್ ನೋಟಿಸ್ ಬಂದ್ಮೇಲೆ ಮಾತುಕತೆ, ಮೊತ್ತ ಕೂಡಿ ಬರದಿದ್ರೆ ಅದು ಬಂದ ಎರಡು ತಿಂಗಳ ನಂತರ, ಆರು ತಿಂಗಳು ಮುಗಿಯೋ ಒಳಗೆ ಇಂಥ ತಕರಾರು ತೀರ್ಮಾನ ಮಾಡೋ ಟ್ರಿಬ್ಯುನಲ್‌ಗೆ ಅರ್ಜಿ ಹಾಕ್ಲೇಬೇಕು. ಈ ಆರು ತಿಂಗಳು ತಪ್ಪಿದ್ರೆ ನೋಟಿಸ್ ವಾಪಸ್ ತಗೊಂಡ ಹಾಗೆ ಆಗುತ್ತೆ, ಮತ್ತೆ 12 ತಿಂಗಳು ಹೊಸ ನೋಟಿಸ್ ಕೊಡೋ ಹಾಗಿಲ್ಲ, ಅಷ್ಟರಲ್ಲಿ 80ರ ಗೆರೆ ದಾಟಿದ್ರೆ ಮುಗೀತು ಕತೆ. ನಮ್ಮ ಸಾಲಿಸಿಟರ್ ಐದನೇ ತಿಂಗಳಲ್ಲೇ ಅರ್ಜಿ ಹಾಕಿಬಿಟ್ರು, ಅದು ಹಾಕಿದ ಹದಿನೈದು ದಿನಕ್ಕೆ ಆ ಕಡೆಯ ಸರ್ವೇಯರ್ ಫೋನ್ ಎತ್ತಿದ್ರು, 10,200ಕ್ಕೆ ಮುಗೀತು. ಟ್ರಿಬ್ಯುನಲ್ ಮೆಟ್ಟಿಲು ಹತ್ತಲೇ ಇಲ್ಲ.

ಖರ್ಚು ಪ್ರೀಮಿಯಂ ಒಂದೇ ಅಲ್ಲ. ಫ್ರೀಹೋಲ್ಡರ್ ಕಡೆಯ ಸಾಲಿಸಿಟರ್ ಮತ್ತು ವ್ಯಾಲ್ಯುಯೇಶನ್ ಖರ್ಚನ್ನೂ, ನ್ಯಾಯವಾದಷ್ಟು, ನಾವೇ ಕೊಡ್ಬೇಕು (ಟ್ರಿಬ್ಯುನಲ್‌ಗೆ ಹೋದ್ರೆ ಅಲ್ಲಿ ಅವರ ಖರ್ಚು ಅವರದ್ದೇ). ನಮಗೆ ಎರಡೂ ಕಡೆಯದ್ದು ಸೇರಿ 4,000 ಪೌಂಡ್ ಹತ್ತಿರ ಆಯ್ತು. ಹಳೇ ಲೀಸ್ ರದ್ದಾಗಿ ಹೊಸ ಲೀಸ್ ಹುಟ್ಟುತ್ತೆ, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೊಸ ಟೈಟಲ್ ನಂಬರ್ ಬರುತ್ತೆ, ಬ್ಯಾಂಕಿನ ಸಾಲ ಅದರ ಮೇಲೆ ಕೂರ್ಬೇಕು, ಅದನ್ನ ಸಾಲಿಸಿಟರ್ ನೋಡ್ಕೊಳ್ತಾರೆ.

ಇನ್ನು ಹೊಸ ಕಾನೂನಿನ ಮಾತು, ಎಲ್ಲರೂ ಕೇಳೋದು ಇದನ್ನೇ, ಕಾಯೋದಾ ಬೇಡ್ವಾ ಅಂತ. 2024ರ ಮೇ 24ಕ್ಕೆ ಲೀಸ್‌ಹೋಲ್ಡ್ ಸುಧಾರಣೆಯ ಕಾಯ್ದೆ ಪಾಸಾಯ್ತು. ಅದರಲ್ಲಿ 90 ವರ್ಷದ ಬದಲು 990 ವರ್ಷ, ಮ್ಯಾರೇಜ್ ವ್ಯಾಲ್ಯೂ ಪೂರ್ತಿ ರದ್ದು, ಫ್ರೀಹೋಲ್ಡರ್ ಖರ್ಚನ್ನ ಸಾಮಾನ್ಯವಾಗಿ ಅವನೇ ಹೊತ್ಕೊಳ್ಳೋದು, ಲೆಕ್ಕ ಹಾಕುವಾಗ ಗ್ರೌಂಡ್ ರೆಂಟನ್ನ ಫ್ಲ್ಯಾಟ್ ಬೆಲೆಯ 0.1%ಕ್ಕೆ ಮಿತಿಗೊಳಿಸೋದು, ಎಲ್ಲ ಇದೆ. ಆದ್ರೆ ಪಾಸಾಗೋದು ಬೇರೆ, ಜಾರಿಗೆ ಬರೋದು ಬೇರೆ. ಜಾರಿಗೆ ಬಂದಿರೋದ್ರಲ್ಲಿ ದೊಡ್ಡದು ಅಂದ್ರೆ 2025ರ ಜನವರಿ 31ರಿಂದ ಎರಡು ವರ್ಷದ ನಿಯಮ ಹೋಯ್ತು, ಮೊದಲು ಫ್ಲ್ಯಾಟ್ ನಿಮ್ಮ ಹೆಸರಲ್ಲಿ ಎರಡು ವರ್ಷ ಇದ್ರೆ ಮಾತ್ರ ನೋಟಿಸ್ ಕೊಡೋ ಹಕ್ಕು ಇತ್ತು, ಈಗ ರಿಜಿಸ್ಟರ್ ಆದ ಕೂಡ್ಲೇ ಕೊಡಬಹುದು. ಮ್ಯಾರೇಜ್ ವ್ಯಾಲ್ಯೂ ರದ್ದು, 990 ವರ್ಷ, ಇವು ನಾನು ಇದನ್ನ ಬರೆಯೋ ಹೊತ್ತಿಗೆ ಜಾರಿ ಆಗಿಲ್ಲ. ಫ್ರೀಹೋಲ್ಡರ್‌ಗಳು ಇದರ ವಿರುದ್ಧ ಹೈಕೋರ್ಟಿಗೆ ಹೋಗಿದ್ರು, 2025ರ ಅಕ್ಟೋಬರಲ್ಲಿ ಕೋರ್ಟ್ ಅವರ ಅರ್ಜಿ ತಳ್ಳಿಹಾಕ್ತು.

ನನ್ನ ಅಭಿಪ್ರಾಯ ಕೇಳಿದ್ರೆ, 80ಕ್ಕಿಂತ ಸ್ವಲ್ಪ ಮೇಲಿರೋರು, 81, 82, 83ರಲ್ಲಿರೋರು, ಕಾಯಬಾರದು. ಕೈಯಲ್ಲಿರೋ ಹಕ್ಕು ಬಿಟ್ಟು ಯಾವಾಗ ಬರುತ್ತೋ ಗೊತ್ತಿಲ್ಲದ ಕಾನೂನಿಗೆ ಕಾಯೋದು ಅಂದ್ರೆ ಮಳೆ ಬರುತ್ತೆ ಅಂತ ಬಾವಿ ಮುಚ್ಚಿದ ಹಾಗೆ. 95ರ ಮೇಲಿರೋರಿಗೆ ಅವಸರ ಇಲ್ಲ. ಕಷ್ಟ ಇರೋದು ಆಗಲೇ 80ರ ಕೆಳಗೆ ಇಳಿದವರಿಗೆ. ರೆಡಿಂಗಲ್ಲಿರೋ ನಮ್ಮ ಕಡೆಯ ಒಂದು ಜೋಡಿಗೆ 71 ವರ್ಷ ಉಳಿದಿದೆ, ಈಗ ಮಾಡಿಸಿದ್ರೆ ಮ್ಯಾರೇಜ್ ವ್ಯಾಲ್ಯೂ ಕೊಡ್ಬೇಕು, ಕಾದ್ರೆ ಅದು ಉಳಿಯಬಹುದು. ಅವರು ಸದ್ಯಕ್ಕೆ ಮಾರೋರಲ್ಲ, ಮಾರ್ಟ್‌ಗೇಜ್ ಬಡ್ಡಿ ಇನ್ನೂ ಮೂರು ವರ್ಷ ಫಿಕ್ಸ್ ಇದೆ, ಅದಕ್ಕೆ ಕಾಯ್ತೀವಿ ಅಂದ್ರು, ಅವರ ಲೆಕ್ಕ ನನಗೂ ಸರಿ ಅನ್ನಿಸ್ತು. ಆದ್ರೆ ಮಾರೋದಿದ್ರೆ, ರೀಮಾರ್ಟ್‌ಗೇಜ್ ಹತ್ರ ಬಂದಿದ್ರೆ ಕಾಯೋಕಾಗಲ್ಲ, 70ರ ಆಸುಪಾಸಿಗೆ ಇಳಿದ ಲೀಸಿಗೆ ಸಾಲ ಕೊಡೋಕೆ ಹಲವು ಬ್ಯಾಂಕ್ ಹಿಂದೇಟು ಹಾಕ್ತವೆ. ಹಾಗೆ ಮಾರೋರಿಗೆ ಒಂದು ದಾರಿ ಇದೆ, ಮಾರೋನೇ ನೋಟಿಸ್ ಕೊಟ್ಟು, ಅದರ ಹಕ್ಕನ್ನ ಮನೆ ಜೊತೆಗೇ ಕೊಳ್ಳೋನಿಗೆ ವರ್ಗ ಮಾಡ್ಕೊಡಬಹುದು, ಅದನ್ನ ಸೇಲ್ ಜೊತೆಗೇ ಮಾಡ್ಬೇಕು, ಆಮೇಲೆ ಮಾಡ್ತೀವಿ ಅಂದ್ರೆ ಹೋಯ್ತು.

ಕಟ್ಟಡದಲ್ಲಿ ಅರ್ಧಕ್ಕೆ ಕಮ್ಮಿ ಇಲ್ಲದಷ್ಟು ಫ್ಲ್ಯಾಟಿನವರು ಒಟ್ಟಾದ್ರೆ ಫ್ರೀಹೋಲ್ಡನ್ನೇ ಕೊಂಡುಬಿಡಬಹುದು, ಆಮೇಲೆ ತಮಗೆ ತಾವೇ 999 ವರ್ಷ ಬರ್ಕೊಡಬಹುದು. ನಾಲ್ಕೈದು ಮನೆಯ ಸಣ್ಣ ಕಟ್ಟಡ, ಅಕ್ಕಪಕ್ಕದವರು ಹೊಂದ್ಕೊಂಡು ಹೋಗೋರಾದ್ರೆ ಅದೇ ಚೆಂದ. ನಮ್ಮದು 40 ಮನೆ, ಅರ್ಧ ಬಾಡಿಗೆಗೆ ಕೊಟ್ಟವರು, ಕೂಡಿ ಬರ್ಲಿಲ್ಲ.

ಊರಿಗೆ ವಾಪಸ್ ಹೋಗಿ ಇಲ್ಲಿನ ಫ್ಲ್ಯಾಟ್ ಬಾಡಿಗೆಗೆ ಬಿಟ್ಟಿರೋರಿಗೂ ಈ ಹಕ್ಕಿದೆ, ಅಲ್ಲೇ ವಾಸ ಮಾಡ್ಬೇಕು ಅಂತೇನಿಲ್ಲ. 2014ರ ಮುಂಚೆ ನೋಟಿಸಿಗೆ ಓನರೇ ಸ್ವತಃ ಸೈನ್ ಹಾಕ್ಬೇಕಿತ್ತು, ಆ ವರ್ಷದ ತಿದ್ದುಪಡಿ ಆದ್ಮೇಲೆ ಅವರ ಪರವಾಗಿ ಸಾಲಿಸಿಟರ್ ಹಾಕಬಹುದು. ಮೈಸೂರಲ್ಲಿ ಸೆಟಲ್ ಆಗಿರೋ ನನ್ನ ಗೆಳೆಯ ಹಾಗೇ ಮಾಡಿದ, ಒಂದು ಸಲವೂ ಫ್ಲೈಟ್ ಹತ್ತದೆ.

ನಿಮ್ಮ ಲೀಸಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಿಲ್ದಿದ್ರೆ ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ಸೈಟಿಂದ 7 ಪೌಂಡ್ ಕೊಟ್ಟು ಟೈಟಲ್ ರಿಜಿಸ್ಟರ್ ತೆಗೆಸಿ, ಅದರಲ್ಲಿ ಲೀಸಿನ ತಾರೀಖು, ಎಷ್ಟು ವರ್ಷ, ಯಾವಾಗಿಂದ ಅಂತ ಇರುತ್ತೆ. "ಯಾವಾಗಿಂದ" ಅನ್ನೋದನ್ನೇ ನೋಡಿ, ಲೀಸ್ ಬರೆದ ತಾರೀಖಿಗೂ ಅದಕ್ಕೂ ಒಂದೆರಡು ವರ್ಷ ವ್ಯತ್ಯಾಸ ಇರೋದುಂಟು. ಸರ್ಕಾರದ ದುಡ್ಡಲ್ಲಿ ನಡೆಯೋ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಪುಕ್ಕಟೆ ಸಲಹೆ ಕೊಡುತ್ತೆ, ಅವರ ಸೈಟಲ್ಲಿ ಪ್ರೀಮಿಯಂ ಅಂದಾಜು ಹಾಕೋ ಕ್ಯಾಲ್ಕುಲೇಟರ್ ಕೂಡ ಇದೆ.

ಹೊಸ ಲೀಸ್ ಕೈಗೆ ಬಂದ ದಿನ ಊರಿಗೆ ಫೋನ್ ಮಾಡಿ 2189ರವರೆಗೆ ಆಯ್ತು ಅಪ್ಪಯ್ಯ, ಇನ್ನು ನೆಲಬಾಡಿಗೆ ವರ್ಷಕ್ಕೆ ಒಂದು ಕಾಳುಮೆಣಸು ಅಂತ ಕಾಗದದಲ್ಲೇ ಬರೆದಿದ್ದಾರೆ ಅಂದೆ. "ಮೆಣಸಾ? ಅದನ್ನ ನಾನೇ ಕಳಿಸ್ತೆ, ಈ ಸಲ ಬಳ್ಳಿ ಚಲೋ ಬಂದಿದೆ" ಅಂದ್ರು. ಮುಂದಿನ ಸಲ ಊರಿಂದ ಬರುವಾಗ ಅಮ್ಮ ಕಟ್ಟಿಕೊಟ್ಟ ಸಾಮಾನಲ್ಲಿ ಕಾಲು ಕೆಜಿ ಮೆಣಸಿನ ಪೊಟ್ಟಣ ಇತ್ತು, ಮೇಲೆ ಅಪ್ಪಯ್ಯನ ಅಕ್ಷರದಲ್ಲಿ "ಮನೆ ಬಾಡಿಗೆ" ಅಂತ.